ಮನಿಗಾಡಿಯ ಹೊಸ್ತಿಲು

ಹಂಸಭಾವಿ
೪ ಆಗಸ್ಟ್ ೨೦೨೪

ಜಮಾಲ ಕಾಕಾ ಅವರಿಗೆ ನೇತ್ರಾಳ ನಮಸ್ಕಾರಗಳು.

ನನ್ನ ಪತ್ರ ನೋಡಿ ನಿಮಗೆ ಆಶ್ಚರ್ಯವಾಗಬಹುದು. ಮೊದಲು ಫೋನನ್ನೇ ಮಾಡಿದ್ದೆ. ನಿಮ್ಮ ಮೊಮ್ಮಗಳು ಗುಲ್ನಾಜ ಎತ್ತಿದಳು. “ಅಜ್ಜಾಗ ಈಗ ಏನೂ ಕೇಳಸಂಗಿಲ್ರಿ ಅಕ್ಕಾ, ಎಷ್ಟ ಒದರಿದ್ರೂ ಅಷ್ಟ. ಬರದು ಕೊಟ್ರ ಓದತಾನ,” ಎಂದಳು. ಮೆಸೇಜು ಕಳಿಸಲೇ ಎಂದರೆ, ಮೊಬೈಲಿನ ಅಕ್ಷರ ಇರುವೆ ಸಾಲಿನ ಹಾಗೆ ಕಾಣುತ್ತವೆ ಎಂದು ಬೈಯುತ್ತೀರಂತೆ. ಹಾಗಾಗಿ ಹಾಳೆ ತೆಗೆದುಕೊಂಡು ಕೂತೆ.

ಅಪ್ಪ ಹೋಗಿ ಆರು ತಿಂಗಳಾಯಿತು. ಮಣ್ಣಿನ ದಿನ ನೀವು ಬಂದಿದ್ದಿರಂತೆ, ರಸ್ತೆಯಾಚೆ ಬೇವಿನ ಗಿಡದ ಕೆಳಗೆ ನಿಂತಿದ್ದು ಹಾಗೇ ಬಸ್ಸು ಹತ್ತಿದಿರಂತೆ. ಒಳಗೆ ಯಾಕೆ ಬರಲಿಲ್ಲ ಎಂದು ಕೇಳುವುದಕ್ಕೆ ಈ ಪತ್ರ ಬರೆಯುತ್ತಿಲ್ಲ.

ಮನಿಗಾಡಿಯ ವಿಷಯಕ್ಕೆ ಬರೆಯುತ್ತಿದ್ದೇನೆ. ಹರಾಜಿನಲ್ಲಿ ಬಂದ ಹಳೇ ಆಂಬುಲೆನ್ಸನ್ನು ನೀವೂ ಅಪ್ಪನೂ ನಿಮ್ಮ ಟಿಂಕರಿಂಗ್ ಶೆಡ್ಡಿನಲ್ಲಿ ಎಂಟು ತಿಂಗಳು ಬಡಿದು, ಬೆಸೆದು, ಒಳಗೆ ಮಂಚ, ಗ್ಯಾಸಿನ ಕಟ್ಟೆ, ನೀರಿನ ಟಾಕಿ ಕೂಡಿಸಿ ಮನೆ ಮಾಡಿದ್ದಿರಲ್ಲ, ಅದು ಇನ್ನೂ ನಮ್ಮ ಹಿತ್ತಲಲ್ಲಿದೆ. ಅಪ್ಪ ಚಿತ್ರಕಲಾ ಮಾಸ್ತರಿಕೆ ಮುಗಿಸಿದ ಮೇಲೆ ಅವ್ವನನ್ನು ಕೂರಿಸಿಕೊಂಡು ಊರೂರಿನ ಕೆರೆ, ಗುಡಿ ಬರೆಯುತ್ತ ತಿರುಗಿದ್ದು ಅದರಲ್ಲೇ. ಎಲ್ಲಿ ನಿಲ್ಲಿಸಿದರೂ ಅವ್ವ ಬೆಳಿಗ್ಗೆದ್ದು ಗಾಡಿಯ ಹೊಸ್ತಿಲು ತೊಳೆದು ರಂಗೋಲಿ ಬಿಡುತ್ತಿದ್ದಳು. “ಮನಿ ಅಂದಮ್ಯಾಲ ಮನೀನ,” ಎಂದು ಅಪ್ಪ ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದ.

ಮೂರು ವರ್ಷದ ಹಿಂದೆ ಹಾನಗಲ್ಲ ರಸ್ತೆಯಲ್ಲಿ ಆದದ್ದು ನಿಮಗೆ ಗೊತ್ತಿದೆ. ಇಳಿಯಲೆಂದು ಅವ್ವ ಬಾಗಿಲಿಗೆ ಬಂದು ನಿಂತಳು, ಗಾಡಿ ಇನ್ನೂ ಮೆಲ್ಲಗೆ ಉರುಳುತ್ತಿತ್ತು, ಹೊಸ್ತಿಲ ತಗಡು ಕುಸಿದು ಅವಳ ಎಡಗಾಲು ಕೆಳಗೆ ಹೋಯಿತು. ಕಾಲಿಗೆ ರಾಡ್ ಹಾಕಿದ್ದಾರೆ. ಕೋಲು ಹಿಡಿದು ನಡೆಯುತ್ತಾಳೆ. ಅಂದಿನಿಂದ ಅವಳು ಅಪ್ಪನ ಜೊತೆ ನೆಟ್ಟಗೆ ಮಾತಾಡಲಿಲ್ಲ. “ಗಟ್ಟಿ ಐತಿ, ನಾನ ನೋಡೇನಿ ಅಂತ ಹೇಳಿ ಹತ್ತಿಸಿದ್ರು,” ಎಂಬುದೊಂದೇ ಮಾತು. ಅಪ್ಪ “ಹೌದು, ನಂದ ತಪ್ಪು,” ಎನ್ನುತ್ತಿದ್ದ. ಸಾಯುವ ತನಕ ಅದನ್ನೇ ಅಂದ.

ಈಗ ಅವ್ವ ಗಾಡಿಯನ್ನು ಗುಜರಿಗೆ ಹಾಕು ಎಂದು ಹಟ ಹಿಡಿದಿದ್ದಾಳೆ. ಜಗಳಾಡಿ ಜಗಳಾಡಿ ಕೊನೆಗೆ ಒಂದು ಮಾತಿಗೆ ಬಂದಳು: “ಯುಗಾದಿತನಕ ಬಿಡತೇನಿ. ಆ ಹೊಸ್ತಿಲ ಮ್ಯಾಲ ನಾ ನಿಂತಾಗ ಅದು ನನ್ನ ತಡಕೊಂಡ್ರ ಇರಲಿ. ಇಲ್ಲಾಂದ್ರ ಗುಜರಿ.” ನನಗೆ ಗಾಡಿ ಓಡಿಸುವ ಆಸೆಯೇನಿಲ್ಲ ಕಾಕಾ. ಅವ್ವ ಒಂದು ಸಲ ಅದನ್ನು ಹತ್ತಿ ನಿಲ್ಲಬೇಕು, ಅಪ್ಪನ ಮೇಲಿನ ಸಿಟ್ಟನ್ನು ಅಲ್ಲೇ ಇಳಿಸಬೇಕು. ಗಾಡಿ ಗುಜರಿಗೆ ಹೋದರೆ ಸಿಟ್ಟು ಮಾತ್ರ ಮನೆಯಲ್ಲಿ ಉಳಿಯುತ್ತದೆ.

ತುಕ್ಕು ತುಂಬ ಹಿಡಿದಿದೆ. ಮಳೆಗೆ ನೆನೆಯಬಾರದೆಂದು ತಾಡಪಾಲು ಬಿಗಿಯಾಗಿ ಸುತ್ತಿ ಕಟ್ಟಿದ್ದೇನೆ. ಹಿರೇಕೆರೂರಿನ ಹೈಸ್ಕೂಲಿನಲ್ಲಿ ಕಬ್ಬಿಣ, ನೀರು, ಗಾಳಿ ಎಂದು ಮಕ್ಕಳಿಗೆ ಪಾಠ ಹೇಳುತ್ತೇನೆ, ಆದರೆ ಹಿತ್ತಲಲ್ಲಿ ಎಲ್ಲಿಂದ ಕೈ ಹಚ್ಚಬೇಕೆಂದು ತಿಳಿಯದು. ಈ ಗಾಡಿಯ ಮೈ ಬಲ್ಲವರು ನೀವೊಬ್ಬರೇ. ಹೇಳಿಕೊಡಿ.

ನಿಮ್ಮ
ನೇತ್ರಾ


ಸವಣೂರು
೧೧ ಆಗಸ್ಟ್ ೨೦೨೪

ಚಿರಂಜೀವಿ ನೇತ್ರಾಳಿಗೆ ಜಮಾಲಸಾಬ ಮಾಡುವ ಆಶೀರ್ವಾದಗಳು. ಇತ್ತ ಎಲ್ಲರೂ ಕ್ಷೇಮ.

ಸಾಲ್ಯಾಗ ಕಲಿಸಿದ ಕನ್ನಡ ಇಲ್ಲಿಗೆ ಮುಗೀತು. ಇನ್ನ ಮಾತಾಡಿದಂಗ ಬರೀತೇನಿ. ನೀ ಟೀಚರ ಇದ್ದೀ ಅಂತ ಕೆಂಪ ಪೆನ್ನು ಹಿಡದು ಕೂಡಬ್ಯಾಡ.

ತಾಡಪಾಲ ಬಿಗದ ಕಟ್ಟೇನಿ ಅಂತ ಬರದೀಯಲ್ಲ, ಓದಿ ಹಣಿ ಹಣಿ ಬಡಕೊಂಡ್ನಿ. ಒಳಗ ಗಾಡಿ ಬೆವರತೈತಿ ಯವ್ವಾ! ಮಳಿಗಿಂತ ಆ ಬೆವರ ಕೆಟ್ಟದ್ದು. ಈ ಪತ್ರ ಓದೂದು ನಿಲ್ಲಿಸು, ಮೊದಲ ಹೋಗಿ ಬಿಚ್ಚು. ಮ್ಯಾಲ ನಾಕ ಬಿದಿರ ಹುಗದು ತಗಡಿನ ಚಪ್ಪರ ಹಾಕಸು, ನಾಕೂ ಕಡೆಯಿಂದ ಗಾಳಿ ಆಡಲಿ. ಗಾಲಿ ನೆಲದಾಗ ಹುಗದಿದ್ರ ಕಲ್ಲ ಕೊಟ್ಟು ಎತ್ತಿ ನಿಲ್ಲಸು.

ಆಮ್ಯಾಲ ಬಾಗಲದ ಕೆಳಗ, ಅಂಚಿನಗುಂಟ ಸಣ್ಣ ಸಣ್ಣ ತೂತ ಇರತಾವ, ನೀರ ಸೋರಿ ಹೋಗಾಕ. ಅವು ಮಣ್ಣ ತುಂಬಿ ಮುಚ್ಚಿರತಾವ. ತಂತಿ ಹಾಕಿ ಬಿಡಸು. ಬಣ್ಣ ಹಚ್ಚೂ ಅವಸರ ಮಾಡಬ್ಯಾಡ. ಜಂಗಿನ, ಅದ ನೀ ಅನ್ನೂ ತುಕ್ಕಿನ ಮ್ಯಾಲ ಬಣ್ಣ ಹಚ್ಚಿದ್ರ ಅದು ಒಳಗಿಂದೊಳಗ ತಿಂತೈತಿ, ಮ್ಯಾಲ ಚಂದ ಕಾಣತೈತಿ.

ಇನ್ನ ಮುಖ್ಯ ಕೆಲಸ. ಸಣ್ಣ ಸುತ್ತಿಗಿ ತಗೊಂಡು ಗೇಣಗೇಣಕ್ಕ ಬಡಕೊಂತ ಹೋಗು. ಗಟ್ಟಿ ತಗಡು ಖಣ್ ಅಂತೈತಿ. ಕೊಳತದ್ದು ದಬ್ ಅಂತೈತಿ. ಗಟ್ಟಿ ಇದ್ದಲ್ಲಿ ಒಂದು ಗೋಲ ಬರಿ, ಕೊಳತಲ್ಲಿ ಕತ್ರಿ ಗುರುತು ಹಾಕು. ನಲವತ್ತ ವರ್ಷ ನಾ ಹಂಗ ಹಳದಿ ಬಣ್ಣದಾಗ ಗುರುತು ಮಾಡೇನಿ, ಸವಣೂರಾಗ ಯಾರನ್ನ ಬೇಕಾದ್ರೂ ಕೇಳು. ಎಲ್ಲೆಲ್ಲಿ ಏನೇನ ಸಪ್ಪಳ ಬಂತು ಅಂತ ಬರದು ಕಳಸು. ನೀ ಬರದ್ದ ನಾ ಓದತೇನಿ, ನನಗ ಕೇಳಿದಂಗ ಆಕ್ಕೈತಿ.

ಹೊಸ್ತಿಲದ ಪಟ್ಟಿ, ಅದ ನಿಮ್ಮವ್ವನ ಕಾಲು ಹೋದ ಜಾಗ, ಅದನ್ನ ಈಗ ಮುಟ್ಟಬ್ಯಾಡ. ಕಡೀಕ ನೋಡೂಣು.

ನಿಮ್ಮಪ್ಪನ ಗೆಳ್ಯಾ
ಜಮಾಲಸಾಬ


ಹಂಸಭಾವಿ
೮ ಸೆಪ್ಟೆಂಬರ್ ೨೦೨೪

ಜಮಾಲ ಕಾಕಾ ಅವರಿಗೆ,

ನಾಲ್ಕು ರವಿವಾರ ಹಿಡಿಯಿತು. ತಾಡಪಾಲು ಬಿಚ್ಚಿದಾಗ ಒಳಗಿಂದ ಬಂದ ವಾಸನೆ ಹೇಳಬಾರದು, ನೆನೆದ ಹಳೇ ಗೋಣಿಚೀಲದ ವಾಸನೆ. ನೀವು ಹಣೆ ಬಡಿದುಕೊಂಡದ್ದು ಸರಿಯೇ. ತೂತುಗಳಿಂದ ಒಂದು ಬುಟ್ಟಿ ಕೆಸರು ಬಂತು.

ಸಪ್ಪಳ ಬರೆಯುತ್ತೇನೆ, ಕೇಳಿ. ಚಾಲಕನ ಬಾಗಿಲಿನ ಕೆಳಗೆ ಉದ್ದಕ್ಕೂ ಖಣ್, ಗುಡಿಯ ಗಂಟೆಯಷ್ಟು ಸ್ವಚ್ಛ. ಹಿಂದಿನ ಎಡಗಾಲಿಯ ಮೇಲಿನ ಕಮಾನಿನಲ್ಲಿ ಮೂರು ಕಡೆ ದಬ್. ಮಂಚದ ಕೆಳಗಿನ ನೆಲ ಬಹಳಷ್ಟು ಗಟ್ಟಿ, ನೀರಿನ ಟಾಕಿಯ ಹತ್ತಿರ ಮಾತ್ರ ಖಣ್ಣೂ ಅಲ್ಲ ದಬ್ಬೂ ಅಲ್ಲ, ಮೂಗು ಕಟ್ಟಿದವರು ಮಾತಾಡಿದ ಹಾಗೆ. ಅದಕ್ಕೆ ಏನು ಗುರುತು ಹಾಕಬೇಕು?

ಅವ್ವ ಕಟ್ಟೆಯ ಮೇಲೆ ಕೂತು ನೋಡುತ್ತಿರುತ್ತಾಳೆ. ಮೊದಲ ದಿನ “ಬಡಿ ಬಡಿ, ಚೊಲೋತಂಗ ಬಡಿ, ನಿಮ್ಮಪ್ಪಗ ಕೇಳಲಿ,” ಎಂದಳು. ಎರಡನೇ ವಾರ ನಾನು ಕತ್ತರಿ ಗುರುತು ಹಾಕಲು ಹೋದಾಗ, “ಅಲ್ಲೆ ಇನ್ನೊಮ್ಮೆ ಬಡಿ, ಅದು ಗಟ್ಟಿ ಸಪ್ಪಳ,” ಎಂದು ತಿದ್ದಿದಳು. ಅವಳ ಕಿವಿ ನನಗಿಂತ ಚುರುಕು.

ಕಾಕಾ, ನೀವು ಬೇಡವೆಂದರೂ ನಾನು ಹೊಸ್ತಿಲು ನೋಡಿದೆ. ಅಪಘಾತವಾದ ಮೇಲೆ ಅಪ್ಪ ಅದರ ಮೇಲೊಂದು ಹಲಗೆ ಮುಚ್ಚಿ ಮೊಳೆ ಹೊಡೆದಿದ್ದ. ಹಲಗೆ ಎತ್ತಿದೆ, ರಬ್ಬರಿನ ಚಾಪೆ ಸರಿಸಿದೆ. ಅಲ್ಲಿ ಹಳದಿ ಬಣ್ಣದ ಒಂದು ಗೋಲವಿದೆ. ಅರ್ಧ ತಗಡಿನ ಮೇಲಿದೆ, ಇನ್ನರ್ಧ ತೂತಿನೊಳಗೆ ಹೋಗಿದೆ.

ಅಪಘಾತಕ್ಕೆ ಎರಡು ತಿಂಗಳ ಮೊದಲು ಅಪ್ಪ ಗಾಡಿಯನ್ನು ಸವಣೂರಿಗೆ ತಂದದ್ದು ನನಗೆ ನೆನಪಿದೆ. “ನಾನ ನೋಡೇನಿ” ಎಂದು ಅವನು ಅವ್ವನಿಗೆ ಹೇಳಿದ್ದ. ನೋಡಿದ್ದು ಅವನೋ ನೀವೋ?

ನೇತ್ರಾ


ಸವಣೂರು
೨೦ ಸೆಪ್ಟೆಂಬರ್ ೨೦೨೪

ನೇತ್ರಾ,

ಮುಟ್ಟಬ್ಯಾಡ ಅಂದದ್ದ ಮುಟ್ಟತೀ. ನಿಮ್ಮಪ್ಪನ ಮಗಳ ಖರೆ.

ಮೂಗ ಕಟ್ಟಿದ ಸಪ್ಪಳ ಅಂದ್ರ ಮ್ಯಾಲ ಗಟ್ಟಿ, ಕೆಳಗ ಜಂಗು. ತಂತಿ ಬ್ರಷಿನಿಂದ ಬೆಳ್ಳಗ ಕಾಣೂತನಕ ತಿಕ್ಕು, ಥಿನ್ನರ ಹಚ್ಚಿ ವರಸು, ಅವತ್ತ ಜಂಗು ತಡಿಯೂ ರೆಡ್ ಆಕ್ಸೈಡ್ ಬಣ್ಣ ಎರಡ ಕೋಟ ಹೊಡಿ. ಒಂದ ದಿನ ಬಿಟ್ರೂ ಮತ್ತ ಕೆಂಪಗ ಆಕ್ಕೈತಿ. ಕತ್ರಿ ಹಾಕಿದ ಜಾಗಕ್ಕ ಪುಟ್ಟಿ ತುಂಬೂ ಕೆಲಸ ಮಾಡಬ್ಯಾಡ. ಕತ್ತರಿಸಿ ತಗದು ಹೊಸ ತಗಡ ಬೆಸೀಬೇಕು. ಹಿರೇಕೆರೂರಾಗ ವೆಲ್ಡಿಂಗ್ ಮಾಡಾವ್ರು ಸಿಗತಾರ.

ಗೋಲದ ಮಾತ ಕೇಳಿದಿ. ಒಂದ ಹೇಳತೇನಿ. ಹೊಸ್ತಿಲದ ಚಾಪಿ ಕೆಳಗ ಯಾವಾಗ ನೋಡಿದ್ರೂ ಹಸಿ ಇರತಿತ್ತು. ನಿಮ್ಮಪ್ಪ ನೀರ ಹೊಯ್ದು ಹೊಯ್ದು ಕೊಳಸಿದ. ಅವತ್ತೂ ಅಂವಗ ಅದ ಹೇಳಿದ್ನಿ, ಇವತ್ತೂ ಅದ ಹೇಳತೇನಿ.

ಜಮಾಲಸಾಬ


ಹಂಸಭಾವಿ
೧೩ ಅಕ್ಟೋಬರ್ ೨೦೨೪

ಜಮಾಲ ಕಾಕಾ ಅವರಿಗೆ,

ಮೊನ್ನೆ ಆಯುಧ ಪೂಜೆಗೆ ಗಾಡಿಗೆ ಒಂದು ಹಾರ ಹಾಕೋಣ ಎಂದೆ. ಅವ್ವ ಬೇಡ ಎಂದಳು. “ನನ್ನ ಕಾಲ ತಿಂದದ್ದಕ್ಕ ಹಾರ ಬ್ಯಾರೆ ಹಾಕತಿ?” ಎಂದು ಒಳಗೆ ಹೋದವಳು ಊಟಕ್ಕೂ ಬರಲಿಲ್ಲ. ನಾನು ಹಾರವನ್ನು ಅಪ್ಪನ ಫೋಟೋಕ್ಕೆ ಹಾಕಿದೆ. ಅವ್ವ ಅತ್ತ ನೋಡಲೂ ಇಲ್ಲ.

ನಿಮ್ಮ ಪತ್ರವನ್ನು ಅವಳಿಗೆ ತೋರಿಸಿಲ್ಲ. ತೋರಿಸುವ ಧೈರ್ಯ ಆಗಲಿಲ್ಲ.

ಅಪ್ಪ ಹೊಸ್ತಿಲಿಗೆ ನೀರು ಹೊಯ್ದದ್ದನ್ನು ನಾನು ಒಂದು ದಿನವೂ ಕಂಡಿಲ್ಲ. ಕುಂಚ ತೊಳೆದ ನೀರನ್ನು ಕೂಡ ದೂರ ಹೋಗಿ ಗಿಡದ ಬುಡಕ್ಕೆ ಚೆಲ್ಲಿ ಬರುವ ಮನುಷ್ಯ ಅವನು. ಅವನ ಕೊನೆಯ ವರ್ಷ ಹೇಗಿತ್ತೆಂದು ನಿಮಗೆ ಗೊತ್ತಿಲ್ಲ. ಚಿತ್ರ ಬರೆಯುವುದನ್ನು ಬಿಟ್ಟ. ಅವ್ವ ಕೋಲೂರಿ ಏಳುವ ಸದ್ದಾದರೆ ಕೂತಲ್ಲಿಂದ ಎದ್ದು ನಿಲ್ಲುತ್ತಿದ್ದ, ಸಾಹೇಬರು ಬಂದಾಗ ಜವಾನ ಎದ್ದು ನಿಂತ ಹಾಗೆ. ನಿಮ್ಮ ಹೆಸರನ್ನು ಮಾತ್ರ ಒಂದೇ ಒಂದು ಸಲವೂ ಕೆಟ್ಟದಾಗಿ ಎತ್ತಲಿಲ್ಲ. ಅದು ಯಾಕೆಂದು ನನಗೆ ಆಗ ತಿಳಿಯಲಿಲ್ಲ, ಈಗ ಆ ಗೋಲ ನೋಡಿದ ಮೇಲೆ ಕೊರೆಯುತ್ತಿದೆ.

ಸತ್ತವನು ಉತ್ತರ ಕೊಡುವುದಿಲ್ಲ ಎಂದು ಅವನ ತಲೆಗೆ ಕಟ್ಟಬೇಡಿ ಕಾಕಾ. ನಾನು ಕೇಳಿದ್ದು ನೀರಿನ ಮಾತಲ್ಲ. ಆ ಗೋಲ ಯಾರು ಬರೆದದ್ದು?

ನೇತ್ರಾ


ಸವಣೂರು
೨೨ ಡಿಸೆಂಬರ್ ೨೦೨೪

ನೇತ್ರವ್ವಾ,

ಎರಡ ತಿಂಗಳ ಮ್ಯಾಲಾತು. ಹತ್ತ ಹಾಳಿ ಹರದ್ನಿ. ಗುಲ್ನಾಜ “ಅಜ್ಜಾ, ಪರೀಕ್ಷಾ ಬರಿಯಾಕತ್ತಿ ಏನು?” ಅಂತ ಹಾಳಿ ಮ್ಯಾಲ ಬರದು ಚಾಷ್ಟಿ ಮಾಡಿದ್ಲು.

ಗೋಲ ಬರದಾಂವ ನಾನು.

ನನ್ನ ಬಲಗಿವಿ ಹೋಗಿ ಬಾಳ ವರ್ಷ ಆಗಿತ್ತು. ಎಡಗಿವಿ ಆ ವರ್ಷ ಹೋತು. ನಲವತ್ತ ವರ್ಷ ತಗಡ ಬಡದ ಕಿವಿ, ಎಷ್ಟಂತ ತಡೀತಾವ. ಮನ್ಯಾಗ ಹೇಳಲಿಲ್ಲ, ಶೆಡ್ಡಿನ್ಯಾಗೂ ಹೇಳಲಿಲ್ಲ. ಮಂದಿ ಮಾತಾಡಿದ್ರ ಅವರ ಬಾಯಿ ನೋಡಿ ತಲಿ ಅಲ್ಲಾಡಸತಿದ್ನಿ. ಟಿಂಕರ ಕಿವುಡ ಅಂತ ಗೊತ್ತಾದ್ರ ಯಾರ ತಮ್ಮ ಗಾಡಿ ಬಿಡತಾರ?

ನಿಮ್ಮಪ್ಪ ಗಾಡಿ ತಂದ. “ಜಮಾಲ, ಹೊಸ್ತಿಲ ಚೊಲೋತಂಗ ನೋಡೋ, ನಮ್ಮಾಕಿ ಶಿವಬಸು ಅಲ್ಲೇ ನಿಂದರತಾಳ,” ಅಂದ. ಬಾಯಿ ನೋಡಿ ತಿಳಕೊಂಡ್ನಿ. ನಾ ಸುತ್ತಿಗಿ ತಗೊಂಡು ಬಡದ್ನಿ. ಏನೂ ಕೇಳಲಿಲ್ಲ. ಆದ್ರ ಕೈಗೆ ಮೆತ್ತಗ ಹತ್ತಿತು, ಹಸಿ ಗ್ವಾಡಿ ಬಡದಂಗ. ಕೈಗೆ ಗೊತ್ತಾಗಿತ್ತು ಯವ್ವಾ. ಆದ್ರ ಕೊಳತೈತಿ ಅಂತ ನಾ ಹೇಳಿದ್ರ ಅಂವ ಬಗ್ಗಿ ತಾನೂ ಬಡದು ನೋಡತಿದ್ದ. ಅದು ಖಣ್ ಅಂದಿದ್ರ? “ಏ ಗಟ್ಟಿ ಐತಲ್ಲೋ, ನಿನಗ ಕೇಳಸಂಗಿಲ್ಲನು?” ಅಂತಿದ್ದ. ಆ ಮಾತಿಗೆ ಅಂಜಿದ್ನಿ. ಅಂಜಿ ಗೋಲ ಬರದ್ನಿ. ಅಂವ ನನ್ನ ಬೆನ್ನ ತಟ್ಟಿ ಗಾಡಿ ತಗೊಂಡ ಹೋದ.

ನಿಮ್ಮವ್ವನ ಕಾಲ ಮುರದ ಎಂಟನೇ ದಿನ ಆಸ್ಪತ್ರಿಯಿಂದ ಸೀದಾ ನನ್ನ ಶೆಡ್ಡಿಗೆ ಬಂದ. ಅಂವ ಬಾಯಿ ತೆರೆಯೂದ್ರಾಗ ನಾನ ಒದರಿದ್ನಿ, “ನೀರ ಹೊಯ್ದು ಕೊಳಸಿ ನನ್ನ ಮ್ಯಾಲ ಹಾಕಬ್ಯಾಡ!” ಅಂತ. ನಾಕ ಮಂದಿ ಕೂಡಿದ್ರು. ಅಂವ ತಲಿ ತಗ್ಗಿಸಿ ಏನೋ ಅಂದ. ಬಾಯಿ ಕಾಣಲಿಲ್ಲ. ನಾ ಬೆನ್ನ ತಿರುಗಿಸಿದ್ನಿ. ಬೈದನೋ, ಶಾಪ ಹಾಕಿದನೋ, ಇವತ್ತಿಗೂ ಗೊತ್ತಿಲ್ಲ. ಸವಣೂರಿನ ಸಾಲ್ಯಾಗ ಒಂದ ಬೆಂಚಿನ ಮ್ಯಾಲ ಕುಂತವ್ರು ನಾವು. ಅಂವ ನನಗ ಅಂದ ಕಡೀ ಮಾತು ಅದು, ನನಗ ಅದು ಮುಟ್ಟಲಿಲ್ಲ. ಮಣ್ಣಿನ ದಿನ ಬೇವಿನ ಗಿಡದ ಕೆಳಗ ನಿಂತು ಅದನ್ನ ವಿಚಾರ ಮಾಡಿದ್ನಿ. ನಮ್ಮ ವೈನಿ, ನಿಮ್ಮವ್ವನ ಮಾರಿ ನೋಡಾಕ ಆಗಲಿಲ್ಲ, ವಾಪ್ಸ ಬಂದ್ನಿ.

ಇದನ್ನ ವೈನಿಗೆ ಓದಿ ಹೇಳೂದು ಬಿಡೂದು ನಿನಗ ಬಿಟ್ಟದ್ದು. ನಾ ಮಾಫಿ ಕೇಳಂಗಿಲ್ಲ, ಯಾವ ಮಾರಿ ಇಟಗೊಂಡು ಕೇಳ್ಲಿ. ಹೊಸ್ತಿಲ ಮಾತ್ರ ಪೂರಾ ಕತ್ತರಿಸಿ ತಗೀರಿ. ಗೋಲ ಇದ್ದಲ್ಲಿಂದ ಎರಡೂ ಕಡೆ ಮೊಳಮೊಳ.

ಜಮಾಲ


ಹಂಸಭಾವಿ
೨ ಫೆಬ್ರವರಿ ೨೦೨೫

ಜಮಾಲ ಕಾಕಾ ಅವರಿಗೆ,

ನಿಮ್ಮ ಪತ್ರವನ್ನು ಒಂದು ತಿಂಗಳು ಪಾಠದ ಪುಸ್ತಕದಲ್ಲಿ ಇಟ್ಟುಕೊಂಡು ತಿರುಗಿದೆ. ನನಗೆ ನಿಮ್ಮ ಮೇಲೆ ಸಿಟ್ಟಿದೆ. ಇಲ್ಲವೆಂದು ಬರೆದರೆ ಅದು ತುಕ್ಕಿನ ಮೇಲೆ ಬಣ್ಣ ಹಚ್ಚಿದ ಹಾಗೆ. ನೀವೇ ಬೇಡವೆಂದಿದ್ದೀರಿ.

ನಿನ್ನೆ ಅಪ್ಪನ ವರ್ಷದ ಕಾರ್ಯ ಮುಗಿಯಿತು. ಬಂದವರು ಹೋದ ಮೇಲೆ ಅವ್ವನ ಪಕ್ಕ ಕೂತು ಓದಿದೆ. ಓದುವಾಗ ಅವಳು ಕೋಲಿನ ತುದಿಯನ್ನೇ ನೋಡುತ್ತಿದ್ದಳು. ಮುಗಿದ ಮೇಲೆ, “ಇನ್ನೊಮ್ಮೆ ಓದು,” ಎಂದಳು. ಎರಡನೇ ಸಲ ‘ಹೊಸ್ತಿಲದ ಚಾಪಿ ಹಸಿ ಇರತಿತ್ತು’ ಎಂಬ ನಿಮ್ಮ ಹಿಂದಿನ ಪತ್ರವನ್ನೂ ಓದಿಸಿಕೊಂಡಳು. ಇವತ್ತು ಬೆಳಿಗ್ಗೆ ನೋಡಿದರೆ ಹಿತ್ತಲಲ್ಲಿ ಗಾಡಿಯ ಬಾಗಿಲ ಮುಂದೆ ನಿಂತಿದ್ದಾಳೆ, ಮುಟ್ಟದೆ, ಸುಮ್ಮನೆ. ನಾನು ಕರೆಯಲಿಲ್ಲ.

ಹೊಸ್ತಿಲು ಕತ್ತರಿಸಿ ತೆಗೆಸಿದ್ದೇನೆ. ಹಿರೇಕೆರೂರಿನಿಂದ ಬಂದ ವೆಲ್ಡರ್ ಫಕ್ಕೀರೇಶ ಹೊರಗೆ ತೆಗೆದ ಪಟ್ಟಿಯ ಅಂಚನ್ನು ಕೈಯಲ್ಲಿ ಹಿಡಿದರೆ ಹಪ್ಪಳದಂತೆ ಪುಡಿಯಾಯಿತು. ದಪ್ಪ ತಗಡು ಬೆಸೆದು, ಕೆಳಗೆ ಅಡ್ಡಪಟ್ಟಿ ಕೊಟ್ಟಿದ್ದಾನೆ. ಒಳಗೂ ಹೊರಗೂ ರೆಡ್ ಆಕ್ಸೈಡ್ ಎರಡು ಕೋಟು ನಾನೇ ಹೊಡೆದೆ. ಹಳದಿ ಗೋಲವಿದ್ದ ತುಂಡನ್ನು ಎಸೆಯಲು ಆಗಲಿಲ್ಲ. ಹಿತ್ತಲ ಗೂಟಕ್ಕೆ ಒರಗಿಸಿ ಇಟ್ಟಿದ್ದೇನೆ.

ನೇತ್ರಾ


ಹಂಸಭಾವಿ
೧೬ ಮಾರ್ಚ್ ೨೦೨೫

ಜಮಾಲಸಾಬ ಅವರಿಗೆ ಶಿವಬಸವ್ವ ಹೇಳಿ ಬರೆಸುವುದು.

ನಾ ಹೇಳಿದಂಗ ಬರಿ, ತಿದ್ದಬ್ಯಾಡ ಅಂತ ಮಗಳಿಗೆ ಹೇಳೇನಿ.

ನಿಮ್ಮ ಪತ್ರ ಕೇಳಿ ನನಗ ಮೊದಲ ಸಿಟ್ಟ ಬಂತು, ಸುಳ್ಳ ಯಾಕ ಹೇಳ್ಲಿ. ಈ ಕಾಲು ಥಂಡ್ಯಾಗ ಹೆಂಗ ಹಿಂಡತೈತಿ ಅಂತ ನಿಮಗೇನ ಗೊತ್ತು. ಎರಡ ದಿನ ಮನಸಿನ್ಯಾಗ ನಿಮ್ಮನ್ನ ಬೈದ್ನಿ. ಮೂರನೇ ದಿನ ಆ ಬೈಗಳ ನನ್ನ ಕಡೆ ತಿರುಗಿದ್ವು.

ಆ ಹೊಸ್ತಿಲಕ್ಕ ನೀರ ಹಾಕಿದಾಕಿ ನಾನು. ದಿನಾ, ಹನ್ನೊಂದ ವರ್ಷ. “ಶಿವಬಸು, ತಗಡ ಐತಿ ಅದು, ಒಣಾ ಅರಿವಿಯಿಂದ ವರಸು,” ಅಂತ ಅವರು ಒಂದೆರಡ ಸಲ ಅಂದ್ರು. “ತೊಳೀದ ಹೊಸ್ತಿಲ ನಾ ದಾಟಾಕಿ ಅಲ್ಲ,” ಅಂದ್ನಿ.

ಆಸ್ಪತ್ರ್ಯಾಗ ನಾ ಅವರಿಗೆ ಎರಡ ಮಾತ ಕೇಳಿದ್ನಿ. ಗಟ್ಟಿ ಐತಿ ಅಂದಾವ್ರು ಯಾರು? “ನಾನ,” ಅಂದ್ರು. ಅಲ್ಲೆ ನೀರ ನಿಲ್ಲಾಕ ಬಿಟ್ಟಾವ್ರು ಯಾರು? “ನಾನ,” ಅಂದ್ರು. ಎರಡನೇದು ಸುಳ್ಳು ಅಂತ ನನಗ ಅವಾಗ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಮುಚಗೊಂಡು ಬೈಸಿಕೊಳ್ಳಾಕ ಬಿಟ್ನಿ. ಒಂದು ಸುಳ್ಳ ಹೇಳಿದ ಮನಶಾ ಇನ್ನೊಂದೂ ಸುಳ್ಳ ಹೇಳಿರಬೇಕು ಅಂತ ನನಗ ಹೊಳೀಲಿಲ್ಲ. ಒಂದರಾಗ ನಿಮ್ಮ ಹೆಸರ ಮುಚ್ಚಿಟ್ರು, ಇನ್ನೊಂದರಾಗ ನಂದು. ನಾವಿಬ್ಬರೂ ಕೂಡಿ ಅವರನ್ನ ಒಬ್ಬಂಟಿ ಮಾಡಿ ಕಳಿಸಿದ್ವಿ.

ಅವರು ಕಡೀಕ ಏನಂದ್ರು ಅಂತ ಕೇಳೀರಿ. ಅದು ನನಗ ಗೊತ್ತೈತಿ. ಅವತ್ತ ಸವಣೂರಿಂದ ಬಂದು ನನ್ನ ಕಾಟಿನ ಹಂತ್ಯಾಕ ಕುಂತಾಗ, “ಜಮಾಲಸಾಬಗ ಏನಂದ್ರಿ?” ಅಂತ ಕೇಳಿದ್ನಿ. “ನಡಿಯಲೇ, ಚಾ ಕುಡಿಯೂಣು ಅಂದೆ. ಅಂವಗ ಕೇಳಿಸಲಿಲ್ಲ ಕಾಣತೈತಿ,” ಅಂದ್ರು. ಸಿಟ್ಟಿನ್ಯಾಗ ಇದ್ರೇನೋ ಅಂತ ನಾ ತಿಳಕೊಂಡ್ನಿ. ಈಗ ಅನಸತೈತಿ, ಅವರಿಗೆ ನಿಮ್ಮ ಕಿವಿ ಮಾತು ಅವತ್ತ ನಿಮ್ಮ ಶೆಡ್ಡಿನ್ಯಾಗ ತಿಳಿದು ಹೋಗಿತ್ತು. ಆಮ್ಯಾಲೆ ಯಾರ ಮುಂದೂ ಆಡಲಿಲ್ಲ.

ನಿಮ್ಮನ್ನ ಮಾಫ ಮಾಡೇನಿ ಅಂತ ಬರಸಂಗಿಲ್ಲ. ಅದು ಇನ್ನೂ ನನ್ನ ಕಡೆ ಬಂದಿಲ್ಲ, ಬಂದಾಗ ಹೇಳತೇನಿ. ಆದ್ರ ಅವರ ಕರದ ಚಾ ಹಂಗ ಉಳದೈತಿ. ಯುಗಾದಿ ಮೂವತ್ತಕ್ಕ ಐತಿ, ಬರ್ರಿ. ಅವತ್ತೂ ನಿಮ್ಮ ರೋಜಾ ಉಪಾಸ ಇರತೈತಿ ಅಂತ ನೇತ್ರಾ ಹೇಳಿದ್ಲು. ಬೇವು ಬೆಲ್ಲ ಸಂಜಿತನಕ ಮುಚ್ಚಿ ಇಡತೇನಿ, ರೋಜಾ ಬಿಟ್ಟಮ್ಯಾಲ ಚಾ ಇಡತೇನಿ.

ಬರುವಾಗ ಸುತ್ತಿಗಿ ತರ್ರಿ, ಹಳದಿ ಬಣ್ಣ ತರ್ರಿ. ಹೊಸ ಹೊಸ್ತಿಲ ಮ್ಯಾಲ ನಾ ಇನ್ನೂ ಕಾಲ ಇಟ್ಟಿಲ್ಲ, ನೀರೂ ಹಾಕಿಲ್ಲ, ಹಾಕೂದೂ ಇಲ್ಲ. ಅವತ್ತ ನಾ ಹತ್ತಿ ನಿಂದರತೇನಿ. ನೀವು ಕೆಳಗಿಂದ ಬಡೀರಿ. ಏನ ಸಪ್ಪಳ ಬರತೈತಿ ಅಂತ ನಾ ಕೇಳಿ ಹೇಳತೇನಿ, ಗುರುತು ನೀವ ಹಾಕ್ರಿ.

ಇಂತಿ
ಶಿವಬಸವ್ವ ಮಲ್ಲೇಶಪ್ಪ
(ಬರೆದುಕೊಟ್ಟವಳು ನೇತ್ರಾ. ಹಿರೇಕೆರೂರು ಬಸ್‌ಸ್ಟ್ಯಾಂಡಿಗೆ ನಾನೇ ಬರುತ್ತೇನೆ ಕಾಕಾ.)